ಹಾಲಾದ ಹಾಳೆ

ಬೆಳಗ್ಗೆ ಎಂಟೂವರೆಗೆ ಮುಖ್ಯಸ್ಥರು ಕಪಾಟಿನ ಬೀಗ ತೆಗೆದು, ಉಕ್ಕಿನ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲೆ ಇಟ್ಟರು. ಮುಚ್ಚಳದ ಸುತ್ತ ಅಂಟಿಸಿದ್ದ ಕಾಗದದ ಪಟ್ಟಿ ಎಲ್ಲೂ ಹರಿದಿರಲಿಲ್ಲ. ಅದರ ಮೇಲೆ ನನ್ನ ತಂಗಿಯ ಸಹಿ ಇತ್ತು. ಪಟ್ಟಿ ಕತ್ತರಿಸಿ ಮುಚ್ಚಳ ಎತ್ತಿದರು.

ಒಳಗಿದ್ದ ಹಾಳೆ ಹಾಲಿನಂತೆ ಬೆಳ್ಳಗಿತ್ತು.

ಹಿಂದಿನ ಸಂಜೆ ಐದೂವರೆಗೆ ಅದೇ ಹಾಳೆಯನ್ನು ಪ್ರಯೋಗಶಾಲೆಯ ನಾವು ಐದೂ ಜನ ನೋಡಿದ್ದೆವು. ಮುಖ್ಯಸ್ಥರು ಅದರ ಕೆಳಗೆ ತಮ್ಮ ಕೈಗಡಿಯಾರ ಹಿಡಿದು, ಸೆಕೆಂಡಿನ ಮುಳ್ಳು ಓಡುವುದನ್ನು ಮೇಲಿನಿಂದ ನೋಡಿ ನಕ್ಕಿದ್ದರು. ಅವರು ನಕ್ಕಿದ್ದು ನನಗೆ ಚೆನ್ನಾಗಿ ನೆನಪಿದೆ. ಅದು ವರ್ಷಕ್ಕೊಂದು ಸಲ ಆಗುವ ಸಂಗತಿ.

ಸುಟ್ಟ ಗಾಯದ ಮೇಲೆ ಹೊದಿಸುವ ಹಾಳೆ ಅದು. ಮೇಲಿಂದಲೇ ವೈದ್ಯರಿಗೆ ಗಾಯ ಕಾಣಬೇಕು, ಗಾಯ ಮಾಗಿದಂತೆ ಹಾಳೆ ತಾನಾಗಿ ಕರಗಿಹೋಗಬೇಕು. ಅದಕ್ಕಾಗಿ ಎರಡು ಪದಾರ್ಥ ಬೆರೆಸುತ್ತೇವೆ. ಒಂದು ಜೋಳದ ಸಕ್ಕರೆಯಿಂದ ಮಾಡಿದ್ದು. ಗಡಸು, ಬಗ್ಗಿಸಿದರೆ ಲಟಕ್ಕೆಂದು ಮುರಿಯುತ್ತದೆ. ಇನ್ನೊಂದು ಮೆದು, ಎಳೆದಷ್ಟೂ ಬರುತ್ತದೆ. ಎರಡೂ ಕೊನೆಗೆ ಮಣ್ಣು ಸೇರುವ ಸಾಧು ಪ್ರಾಣಿಗಳೇ. ಆದರೆ ಇಬ್ಬರು ಸಾಧುಗಳನ್ನು ಒಂದೇ ಮನೆಯಲ್ಲಿ ಇಟ್ಟ ಮಾತ್ರಕ್ಕೆ ಸಂಸಾರ ನಡೆಯುತ್ತದೆಯೆ? ಪೂರ್ತಿ ಬೆರೆತರೆ ಹಾಳೆ ತಿಳಿ, ಬೆರೆಯದಿದ್ದರೆ ಬಿಳಿ. ನಮ್ಮ ಕಸುಬಿನ ವೇದಾಂತವೆಲ್ಲ ಇಷ್ಟೇ.

ಬೆರೆಸುವವಳು ನನ್ನ ತಂಗಿ. ಹನ್ನೊಂದು ತಿಂಗಳು ಬೆರೆಸಿ, ಸೋತು, ಮತ್ತೆ ಬೆರೆಸಿ, ಕೊನೆಗೆ ಗೆದ್ದ ಹಾಳೆ ಅದು. ಅಂದು ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆಯ ದೊಡ್ಡ ವೈದ್ಯರು ಅದನ್ನು ನೋಡಲು ಬರುವವರಿದ್ದರು.

"ಏನಮ್ಮ ಇದು?" ಮುಖ್ಯಸ್ಥರು ಕೇಳಿದರು.

"ಗೊತ್ತಿಲ್ಲ ಸರ್."

"ಪಟ್ಟಿ ಅಂಟಿಸಿದ್ದು ಯಾರು?"

"ನಾನೇ."

"ಅಂಟಿಸೋವಾಗ ಪಕ್ಕದಲ್ಲಿ ಯಾರಿದ್ರು?"

"ಯಾರೂ ಇರಲಿಲ್ಲ."

"ಪಟ್ಟಿ ಯಾರಾದ್ರೂ ಬಿಚ್ಚಿದಾರಾ? ನೀನೇ ನೋಡಿ ಹೇಳು."

ಅವಳು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಸುಳ್ಳು ಹೇಳುವುದು ಗೊತ್ತಿದ್ದರೆ ಅಲ್ಲೇ ಹೇಳಿ ಬಚಾವಾಗಬಹುದಿತ್ತು.

"ಇಲ್ಲ ಸರ್. ಹಾಗೇ ಇದೆ."

"ಅಂದ್ಮೇಲೆ ನೀನು ನಮಗೆ ತೋರಿಸಿದ್ದು ಒಂದು, ತಟ್ಟೆಗೆ ಹಾಕಿ ಮುಚ್ಚಿದ್ದು ಇನ್ನೊಂದು."

ಮುಖ್ಯಸ್ಥರು ಅವಳ ಮೇಜಿನ ಕಡೆ ನಡೆದು ಒಂದು ಮುಚ್ಚಳ ಎತ್ತಿ ತೋರಿಸಿದರು. ಅದು ಹಳೆ ಡಬ್ಬಿಯ ಮುಚ್ಚಳ. ಆ ಡಬ್ಬಿಯಲ್ಲಿ ಹಿಂದೆ ತರಿಸಿದ್ದ ಬೇರೆ ಜಾತಿಯ ಮೆದು ಪದಾರ್ಥವಿದೆ. ತಲೆಕೆಳಗಾಗಿ ನಿಂತರೂ ಅದು ಗಡಸಿನ ಜೊತೆ ಬೆರೆಯುವುದಿಲ್ಲ. ಬೆರೆಸಿದರೆ ಹಾಳೆ ಬಿಳಿ.

"ಇದು ಇಲ್ಲಿಗೆ ಹೇಗೆ ಬಂತು?"

"ಹೊಸ ಡಬ್ಬಿ ಮುಚ್ಚಳ ಸೀಳಿಹೋಗಿತ್ತು ಸರ್. ಇದು ಸರಿಹೋಗುತ್ತಾ ನೋಡ್ತಿದ್ದೆ."

"ಆಚೆ ಕಾರ್ಖಾನೆಯವರು ಹೋದ ತಿಂಗಳು ನಿನ್ನನ್ನ ಕೆಲಸಕ್ಕೆ ಕರೆದಿದ್ರು ಅಲ್ವಾ?"

"ಕರೆದಿದ್ರು. ಬರಲ್ಲ ಅಂತ ಬರೆದೆ."

"ಬರಲ್ಲ ಅಂತ ಬರೆದ್ಯೋ, ಹಾಳೆ ತರ್ತೀನಿ ಅಂತ ಬರೆದ್ಯೋ?"

ಅವಳು ತನ್ನ ಚೀಲವನ್ನು ತಾನೇ ತಂದು ಮೇಜಿನ ಮೇಲೆ ಸುರಿದಳು. ಬಾಚಣಿಗೆ, ಬೀಗದ ಕೈ, ಒಂದು ಕರವಸ್ತ್ರ. ಹಾಳೆ ಇರಲಿಲ್ಲ. ಇರದಿದ್ದದ್ದು ಏನನ್ನೂ ಸಾಬೀತು ಮಾಡಲಿಲ್ಲ. ಮನೆಗೆ ಹೋಗಿ ಬಂದವಳು ತಾನೆ?

ಮುಖ್ಯಸ್ಥರು ಉಳಿದವರನ್ನೂ ಕೇಳಿದರು, ಕೇಳಿದ ಶಾಸ್ತ್ರಕ್ಕೆ. ಸೂಕ್ಷ್ಮದರ್ಶಕದಲ್ಲಿ ಹಾಳೆ ಪರೀಕ್ಷಿಸುವವನನ್ನು ನಾವು ದುರ್ಬೀನು ಎನ್ನುತ್ತೇವೆ. ದುರ್ಬೀನು ದೂರದ್ದನ್ನು ನೋಡುವ ಯಂತ್ರ, ತಾನು ನೋಡುವುದು ಹತ್ತಿರದ್ದನ್ನು ಎಂದು ಅವನು ಐದು ವರ್ಷದಿಂದ ತಿದ್ದುತ್ತಲೇ ಇದ್ದಾನೆ. ಅವನು ಹಾಳೆಯ ತುಂಡೊಂದನ್ನು ಇಟ್ಟು ಇಣುಕಿದ.

"ಬೆರೆತಿಲ್ಲ ಅಲ್ವಾ?"

"ಹೌದು ಸರ್. ಎರಡೂ ಬೇರೆ ಬೇರೆ ಇದೆ."

ಆಮೇಲೆ ಒಲೆಯಣ್ಣ. ಒಣಗಿಸುವ ಒಲೆ ಅವರ ಸುಪರ್ದಿಯಲ್ಲಿದೆ, ನಮ್ಮೆಲ್ಲರಿಗಿಂತ ಹಳಬರು. ಪಟ್ಟಿ ಅಂಟಿಸಿದ ತಟ್ಟೆಯನ್ನು ತಂಗಿ ಒಲೆಯೊಳಗಿಟ್ಟು ಮನೆಗೆ ಹೋದ ಮೇಲೆ, ಅದನ್ನು ಹೊರತೆಗೆದು ಕಪಾಟಿಗೆ ಸೇರಿಸಿ ಬೀಗ ಹಾಕಿದ್ದು ಅವರೇ.

"ಒಲೆ ಕಡೆ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?"

"ಇಲ್ಲ ಸರ್. ನೀವು ಹೇಳಿದ ಹಾಗೇ ಇಟ್ಟೆ."

"ಸರಿ, ಹೋಗಿ."

ಅಲ್ಲಿಗೆ ವಿಚಾರಣೆ ಮುಗಿಯಿತು. ಮುಖ್ಯಸ್ಥರು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಏನು ಬರೆಯಲು ಹೋದರೆಂದು ಎಲ್ಲರಿಗೂ ಗೊತ್ತಿತ್ತು. ಬೆರೆಸುವವರ ಕೈಗೆ ಒಂದು ಸಲ ಕಲಬೆರಕೆ ಎನ್ನುವ ಮಾತು ಅಂಟಿದರೆ ಮುಗಿಯಿತು, ಯಾವ ಪ್ರಯೋಗಶಾಲೆಯೂ ಅವರಿಗೆ ಒಂದು ಚಮಚ ಮುಟ್ಟಲು ಕೊಡುವುದಿಲ್ಲ. ತಂಗಿಗೆ ಬೇರೆ ಕೆಲಸ ಗೊತ್ತಿಲ್ಲ. ಬೇರೆ ಕೆಲಸ ಬೇಕೂ ಇಲ್ಲ.

ನಾನು ಉಗ್ರಾಣ ನೋಡಿಕೊಳ್ಳುವವನು. ತಂಗಿಯ ಪರವಾಗಿ ಎದ್ದು ನಿಂತು ಎರಡು ಮಾತಾಡಬೇಕಿತ್ತು. ಆಡಲಿಲ್ಲ. ಉಗ್ರಾಣಕ್ಕೆ ಹೋಗಿ ಕೆಲಸವಿದ್ದವನಂತೆ ಮೇಜಿನ ಖಾನೆ ಎಳೆದೆ. ಅದು ಸಿಕ್ಕಿಹಾಕಿಕೊಂಡಿತು. ಅದರ ಅಂಚಿಗೆ ಉಜ್ಜಲೆಂದು ಒಲೆಯ ನೆತ್ತಿಯ ಮೇಲೆ ಒಂದು ಮೋಟು ಮೇಣದಬತ್ತಿ ಇಟ್ಟಿರುತ್ತೇನೆ. ಹೋಗಿ ನೋಡಿದರೆ ಅದು ದೋಸೆ ಹುಯ್ದಂತೆ ಚಪ್ಪಟೆಯಾಗಿ ತಗಡಿಗೆ ಅಂಟಿಕೊಂಡಿತ್ತು. ಅದೂ ಇವತ್ತೇ ಕೈಕೊಡಬೇಕೆ? ಉಗುರಿನಲ್ಲಿ ಕೆರೆಯುತ್ತ ನಿಂತಿದ್ದಾಗ ಬಾಗಿಲಲ್ಲಿ ಅತ್ತಿಗೆಯ ದನಿ ಕೇಳಿಸಿತು.

ಅತ್ತಿಗೆ ನನ್ನ ಅಣ್ಣನ ಹೆಂಡತಿ. ಹಿಂದಿನ ಬೀದಿಯ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾರೆ. ಕೂದಲ ಗಂಟಿನಲ್ಲಿ ಸದಾ ಒಂದು ಕೆಂಪು ಪೆನ್ನು ಸಿಕ್ಕಿಸಿಕೊಂಡಿರುತ್ತಾರೆ. ಮನೆಯಲ್ಲಿ ಏನು ಕಳೆದರೂ ಹುಡುಕಿಕೊಡುವವರು ಅವರೇ. ಕಳೆದವರು ಯಾರು, ಏಕೆ ಕಳೆದರು ಎಂಬುದನ್ನೂ ಸೇರಿಸಿ ಹೇಳುವುದರಿಂದ ನಾವು ಆದಷ್ಟು ಏನನ್ನೂ ಕಳೆದುಕೊಳ್ಳುವುದಿಲ್ಲ. ಹಾಳೆಯ ಪೊಟ್ಟಣಕ್ಕೆ ಅಂಟಿಸುವ ಚೀಟಿಯ ಕರಡು ತೋರಿಸಲು ಅಂದು ಬಂದಿದ್ದರು. ಅವರು ಬರುವುದನ್ನು ನಾನೇ ಮರೆತಿದ್ದೆ.

ಒಂದು ತೊಡಕಿತ್ತು. ಅತ್ತಿಗೆಗೂ ತಂಗಿಗೂ ಎರಡು ವರ್ಷದಿಂದ ಮಾತಿಲ್ಲ. ಎಣ್ಣೆ-ಸೀಗೆಕಾಯಿ. ಅಣ್ಣ ಅತ್ತಿಗೆಯ ಮದುವೆಯ ವಾರ್ಷಿಕೋತ್ಸವಕ್ಕೆ ತಂಗಿ ಕೈಯಾರೆ ಬರೆದು 'ಶುಭಾಷಯ' ಕಳಿಸಿದ್ದಳು. ಅತ್ತಿಗೆ 'ಷ'ಕ್ಕೆ ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ 'ಶ' ಬರೆದು ವಾಪಸು ಕಳಿಸಿದರು. ಅವರ ಲೆಕ್ಕದಲ್ಲಿ ಅದು ಪ್ರೀತಿ. ತಂಗಿಯ ಲೆಕ್ಕದಲ್ಲಿ ಅದು ಕಪಾಳಮೋಕ್ಷ.

ನಡೆದದ್ದನ್ನೆಲ್ಲ ನಾನು ಒಂದೇ ಉಸಿರಿನಲ್ಲಿ ಹೇಳಿದೆ. ಅತ್ತಿಗೆ ಕೇಳಿಸಿಕೊಂಡು ತಂಗಿಯ ಮೇಜಿನ ಹತ್ತಿರ ಹೋಗಿ ನಿಂತರು. ಮಾತು ಮಾತ್ರ ನನ್ನ ಮೂಲಕ.

"ಹಾಳೆ ಬದಲಾಯಿಸಿದ್ಲಾ ಅಂತ ಕೇಳು ಅವಳನ್ನ."

"ಇಲ್ಲ ಅಂತ ಹೇಳು ಅವರಿಗೆ," ಎಂದಳು ತಂಗಿ.

"ಬೆರೆಸಿದ್ದರಲ್ಲಿ ಏನಾದ್ರೂ ಮಿಕ್ಕಿತ್ತಾ ಅಂತ ಕೇಳು."

ತಂಗಿ ತಲೆ ಎತ್ತಿದಳು. ನೇರವಾಗಿ ಅತ್ತಿಗೆಯನ್ನೇ ನೋಡಿದಳು. "ಕೊನೇ ನಾಲ್ಕು ಹನಿ ಒಂದು ಗಾಜಿನ ತುಂಡಿನ ಮೇಲೆ ಬಳಿದಿದ್ದೆ. ಯಾವಾಗಲೂ ಬಳೀತೀನಿ. ಪೋಲು ಮಾಡೋಕೆ ಮನಸ್ಸು ಬರಲ್ಲ."

"ಎಲ್ಲಿದೆ?"

"ಕಿಟಕಿ ಕಟ್ಟೆ ಮೇಲೆ."

ಬೆಳಗಿನಿಂದ ನಾವೆಲ್ಲ ಆ ಕಿಟಕಿಯ ಮುಂದೆಯೇ ಓಡಾಡಿದ್ದೆವು. ಗಾಜಿನ ಮೇಲೆ ಹಾಳೆ ಇದೆಯೆಂದು ತಿಳಿಯದಷ್ಟು ತಿಳಿಯಾಗಿತ್ತು. ತಿಳಿಯಾಗಿದ್ದದ್ದೇ ಅದರ ತಪ್ಪು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅತ್ತಿಗೆ ಅದನ್ನು ಕರವಸ್ತ್ರದಲ್ಲಿ ಎತ್ತಿ ನನ್ನ ಕೈಗೆ ಕೊಟ್ಟರು.

"ಜೋಪಾನ. ಇದು ನಮ್ಮ ಸಾಕ್ಷಿ."

"ಇದನ್ನ ಸರ್‌ಗೆ ತೋರಿಸಿದ್ರೆ ಸಾಕಲ್ವಾ ಅತ್ತಿಗೆ?"

"ಇದನ್ನ ಬೇರೆಯಾಗಿ ಮಾಡಿದ್ಲು ಅಂತಾರೆ. ಹಾಳೆ ಯಾಕೆ ಬೆಳ್ಳಗಾಯ್ತು ಅಂತ ಗೊತ್ತಾಗೋವರೆಗೆ ಯಾವ ಸಾಕ್ಷಿಯೂ ಸಾಲಲ್ಲ."

ಅವರು ದುರ್ಬೀನಿನ ಹತ್ತಿರ ಹೋದರು.

"ಒಂದು ಪ್ರಶ್ನೆ. ನೀರು ಬೆರೆಸಿದ ಹಾಲೋ, ಒಡೆದ ಹಾಲೋ?"

"ಏನಂದ್ರಿ?"

"ಈ ಹಾಳೆ ಮೊದಲಿಂದಲೂ ಬೆರೀದೇ ಇದ್ದಿದ್ದೋ, ಬೆರೆತು ಆಮೇಲೆ ಬೇರೆ ಆಗಿದ್ದೋ? ನೋಡಿದ್ರೆ ಗೊತ್ತಾಗುತ್ತಾ?"

ದುರ್ಬೀನು ಕುರ್ಚಿಯಲ್ಲಿ ನೆಟ್ಟಗೆ ಕೂತ. ಜಂಬದ ಮನುಷ್ಯ, ಆದರೆ ಕೆಲಸದ ವಿಷಯಕ್ಕೆ ಬಂದರೆ ಮಗುವಿನ ಹಾಗೆ.

"ಗೊತ್ತಾಗುತ್ತೆ. ಮೊದಲಿಂದ ಬೆರೀದಿದ್ರೆ ದುಂಡು ಹನಿ ಕಾಣಬೇಕು, ಒಂದು ದೊಡ್ಡದು ಒಂದು ಚಿಕ್ಕದು. ಇದರಲ್ಲಿ ಹನಿ ಇಲ್ಲ. ಬಲೆ ಇದೆ. ಒಂದರೊಳಗೊಂದು ಹೆಣೆದ ಹಾಗೆ, ಎಲ್ಲ ಕಡೆ ಒಂದೇ ಅಳತೆ. ಒಂದಾಗಿದ್ದಿದ್ದು ಎಲ್ಲ ಕಡೆ ಒಟ್ಟಿಗೇ ಒಡೆದ್ರೆ ಹೀಗಾಗೋದು."

"ಇದನ್ನ ಸರ್‌ಗೆ ಯಾಕೆ ಹೇಳ್ಲಿಲ್ಲ?"

"ಬೆರೆತಿಲ್ಲ ಅಲ್ವಾ ಅಂದ್ರು. ಬೆರೆತಿಲ್ಲ ಅಂದೆ. ಕೇಳಿದ್ದಕ್ಕೆ ತಾನೇ ಉತ್ತರ?"

"ಹಾಲು ಹುಳಿಗೆ ಒಡೆಯುತ್ತೆ. ಇದು ಯಾತಕ್ಕೆ ಒಡೆಯುತ್ತೆ?"

"ಬಿಸಿಗೆ."

"ಬಿಸಿಗಾ? ಬಿಸಿ ಮಾಡಿದ್ರೆ ಇನ್ನೂ ಚೆನ್ನಾಗಿ ಬೆರೀಬೇಕಲ್ವಾ, ಸಕ್ಕರೆ ಥರ?"

"ಎಲ್ಲರೂ ಹಾಗೇ ಅಂದ್ಕೋತಾರೆ. ಈ ಜೋಡಿದು ಉಲ್ಟಾ. ನೂರಹತ್ತು ಡಿಗ್ರಿವರೆಗೆ ಸುಖಸಂಸಾರ. ಅದನ್ನ ದಾಟಿದ್ರೆ ನೀನ್ಯಾರೋ ನಾನ್ಯಾರೋ. ಆಮೇಲೆ ತಟ್ಟನೆ ತಣ್ಣಗಾದ್ರೆ ಹೇಗಿದ್ವೋ ಹಾಗೇ ಗಟ್ಟಿಯಾಗಿಬಿಡುತ್ತವೆ. ಆದ್ರೆ ನಿನ್ನೆ ಅದು ಆಗಿರೋಕೆ ಸಾಧ್ಯ ಇಲ್ಲ. ಒಲೆ ಯಾವತ್ತೂ ಇರೋದು ಮೂರರ ಮೇಲೆ. ಮೂರು ಅಂದ್ರೆ ಎಪ್ಪತ್ತು ಡಿಗ್ರಿ, ಅಷ್ಟೇ."

ಅತ್ತಿಗೆ ಒಲೆಯ ಮುಂದೆ ಹೋಗಿ ನಿಂತರು. ಹಳೆಯ ಒಲೆ, ಅಲಮಾರದಷ್ಟು ಎತ್ತರ. ಬಾಗಿಲ ಪಕ್ಕದ ತಿರುಗಣೆಯಲ್ಲಿ ಸೊನ್ನೆಯಿಂದ ಎಂಟರವರೆಗೆ ಅಂಕಿಗಳು. ತಿರುಗಣೆ ಸೊನ್ನೆಯ ಮೇಲಿತ್ತು.

"ನೆತ್ತಿ ಮೇಲೆ ಇದೇನು ಅಂಟಿರೋದು?"

"ನನ್ನ ಮೇಣದಬತ್ತಿ," ಎಂದೆ. "ಆರು ತಿಂಗಳಿಂದ ಅಲ್ಲೇ ಇತ್ತು. ಯಾವನು ಕರಗಿಸಿದನೋ. ಖಾನೆಗೆ ಉಜ್ಜೋಕೂ ಬರಲ್ಲ ಈಗ."

"ಆರು ತಿಂಗಳು ಕರಗದ್ದು ಇವತ್ತು ಕರಗಿದೆ."

"ಹೌದು ಅತ್ತಿಗೆ, ನಮ್ಮ ಗ್ರಹಚಾರ."

ಅತ್ತಿಗೆ ನನ್ನ ಮುಖ ನೋಡಿದರು. ಒಂದೇ ಸಾಲಿನಲ್ಲಿ ನಾಲ್ಕು ತಪ್ಪು ಕಂಡಾಗ ಅವರು ಹಾಗೆ ನೋಡುತ್ತಾರೆ. ಒಲೆಯಣ್ಣ ಮೂಲೆಯ ಮುಕ್ಕಾಲಿಯ ಮೇಲೆ ಕೂತಿದ್ದರು. ಅತ್ತಿಗೆ ಅವರ ಹತ್ತಿರ ಹೋದರು.

"ನಿನ್ನೆ ಸಂಜೆ ನಿಮಗೆ ಸರ್ ಏನು ಹೇಳಿದ್ರು?"

"ಬಾಯಲ್ಲಿ ಹೇಳ್ಲಿಲ್ಲ ತಾಯಿ. ನಾನು ನೀರು ಹಿಡಿಯೋಕೆ ಹೋಗಿದ್ದೆ, ಅಷ್ಟರಲ್ಲಿ ಹೊರಟುಹೋಗಿದ್ರು. ಚೀಟಿ ಬರೆದು ಒಲೆ ಬಾಗಿಲಿಗೆ ಅಂಟಿಸಿದ್ರು."

"ಆ ಚೀಟಿ?"

ಒಲೆಯಣ್ಣ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದರು. "ಸಾಹೇಬರು ಬರೆದಿದ್ದನ್ನ ನಾನು ಬಿಸಾಡಲ್ಲ. ನಾಳೆ ಹಾಗೆ ಹೇಳ್ಲಿಲ್ಲ ಅಂದ್ರೆ?"

ಅತ್ತಿಗೆ ಚೀಟಿ ಬಿಡಿಸಿ ಓದಿದರು. ಮತ್ತೆ ಓದಿದರು. ಅವರ ಭುಜ ಇಳಿಯಿತು — ಹೊತ್ತ ಮೂಟೆ ಇಳಿಸಿದವರ ಹಾಗೆ. ನನಗೆ ಕೊಡದೆ ಅಂಗೈಯಲ್ಲಿ ಮುಚ್ಚಿಕೊಂಡರು.

ಅಷ್ಟರಲ್ಲಿ ಮುಖ್ಯಸ್ಥರ ಬಾಗಿಲು ತೆರೆಯಿತು. ಅತ್ತಿಗೆ ತಂಗಿಗೆ ಏನಾಗಬೇಕೆಂದು ಅವರಿಗೆ ತಿಳಿದಿರಲಿಲ್ಲ. ಅವರ ಕೈಯಲ್ಲಿ ಒಂದು ಕಾಗದವಿತ್ತು.

"ಓ, ಮುದ್ರಣಾಲಯದವರಾ? ಪೊಟ್ಟಣದ ಚೀಟಿ ಈಗ ಬೇಡಮ್ಮ, ಹಾಳೆಯೇ ಇಲ್ಲ. ಹೇಗೂ ಬಂದಿದೀರಿ, ಈ ಪತ್ರದ ಮೇಲೆ ಒಂದು ಸಲ ಕಣ್ಣಾಡಿಸಿ. ಬೆರಳಚ್ಚಿಗೆ ಕೊಡೋ ಮುಂಚೆ ತಪ್ಪಿಲ್ಲ ಅಂತ ಖಾತ್ರಿ ಆಗ್ಲಿ."

ಅತ್ತಿಗೆ ಕಾಗದ ತೆಗೆದುಕೊಂಡು ಕೂದಲಿನಿಂದ ಕೆಂಪು ಪೆನ್ನು ಎಳೆದರು.

"ಮೊದಲನೇ ಸಾಲು. ಇದು ರಿನಾಂಕ ಅಂತಿದೆ."

"ದಿನಾಂಕ ಅದು. ಸರಿಯಾಗಿ ನೋಡಿ."

"ನೋಡ್ತಾ ಇದೀನಿ. 'ದ'ದ ಬುಡದಲ್ಲಿ ಸಣ್ಣ ಮಡಿಕೆ ಬರ್ಬೇಕು. ನೀವು ಅದನ್ನ ಬಿಟ್ಟುಬಿಡ್ತೀರಿ. ಆಗ ಅದು 'ರ' ಆಗುತ್ತೆ."

"ಅವಸರದಲ್ಲಿ ಬರೆದಿದ್ದು. ಅದನ್ನ ಬಿಡಿ, ಮುಂದಕ್ಕೆ?"

"ಮುಂದಕ್ಕೆ 'ಕಳವು ಮತ್ತು ಕಲಬೆರಕೆ' ಅಂತಿದೆ. ಇದು ತಪ್ಪು."

"ಯಾಕೆ? ಅಕ್ಷರ ಸರಿಯಾಗೇ ಇದೆಯಲ್ಲ?"

"ಅಕ್ಷರ ಸರಿ ಇದೆ. ಮಾತು ತಪ್ಪು. ಕಳವೂ ಆಗಿಲ್ಲ, ಕಲಬೆರಕೆಯೂ ಆಗಿಲ್ಲ. ನಿಮ್ಮ ಹಾಳೆ ತಟ್ಟೆಯಲ್ಲೇ ಇದೆ. ನಿನ್ನೆ ನೀವು ಗಡಿಯಾರ ಇಟ್ಟು ನೋಡಿದ್ರಲ್ಲ, ಅದೇ ಹಾಳೆ."

ಎಲ್ಲರೂ ಒಲೆಯ ಹತ್ತಿರ ಸೇರಿದೆವು. ಮುಖ್ಯಸ್ಥರು ಹುಬ್ಬು ಗಂಟಿಕ್ಕಿ ನಿಂತರು. ತಂಗಿ ತುಸು ದೂರದಲ್ಲಿ, ಗೋಡೆಗೆ ಒರಗಿ. ಅತ್ತಿಗೆ ಚೀಟಿಯನ್ನು ಬಿಡಿಸಿ ಮೊದಲು ಮುಖ್ಯಸ್ಥರ ಮುಂದೆ ಹಿಡಿದರು.

"ಇದನ್ನ ಜೋರಾಗಿ ಓದಿ ಸರ್."

"ಓದೋದೇನು, ನಾನೇ ಬರೆದಿದ್ದು. 'ತಟ್ಟೆ ಆರಿದ ಮೇಲೆ ಇಡಿ. ಬೀಗ ಹಾಕಿ.' ಬಿಸಿ ತಟ್ಟೆ ಕಪಾಟಿಗೆ ಇಡಬಾರದು, ಅದಕ್ಕೆ."

ಅತ್ತಿಗೆ ಚೀಟಿಯನ್ನು ನನ್ನ ಕಡೆ ತಿರುಗಿಸಿದರು. "ನೀನು ಓದು."

ಓದಿದೆ. ನನ್ನ ನಾಲಿಗೆ ನಡುವಿನಲ್ಲೇ ನಿಂತಿತು.

"ಗಟ್ಟಿಯಾಗಿ."

"ತಟ್ಟೆ... ಆರರ ಮೇಲೆ ಇಡಿ. ಬೀಗ ಹಾಕಿ."

"ನೀವು?"

ದುರ್ಬೀನು ಕನ್ನಡಕ ಸರಿಪಡಿಸಿಕೊಂಡು ಬಗ್ಗಿದ. "ಆರರ ಮೇಲೆ."

"'ರಿ'ಗೆ ಹಾಕಿದ ಗುಡಿಸು ತಲೆಕಟ್ಟಿನ ಹಾಗಿದೆ," ಎಂದರು ಅತ್ತಿಗೆ. "'ದ'ಕ್ಕೆ ಮಡಿಕೆ ಇಲ್ಲ. 'ಆರಿದ' ಹೋಗಿ 'ಆರರ' ಆಯ್ತು. ಬರೆದವರ ಕಣ್ಣಿಗೆ ತಾವು ಅಂದ್ಕೊಂಡಿದ್ದೇ ಕಾಣುತ್ತೆ. ಅದಕ್ಕೇ ಬರೆದವರು ತಮ್ಮ ಕರಡು ತಾವೇ ತಿದ್ದಬಾರದು ಅನ್ನೋದು. ಒಲೆಯಣ್ಣ, ನೀವು ಏನು ಮಾಡಿದ್ರಿ ಹೇಳಿ."

ಒಲೆಯಣ್ಣ ಎದ್ದು ನಿಂತರು. "ಆರರ ಮೇಲೆ ಇಡಿ ಅಂತಿತ್ತು. ತಿರುಗಣೆ ಆರಕ್ಕೆ ತಿರುಗಿಸಿದೆ. ಒಂದೂವರೆ ಗಂಟೆ ಬಿಟ್ಟು ತೆಗೆದು, ಕಪಾಟಲ್ಲಿಟ್ಟು ಬೀಗ ಹಾ‌ಕಿದೆ. ಮುಚ್ಚಳ ತೆಗೆಯೋ ಅಧಿಕಾರ ನನಗಿಲ್ಲ. ಹೋಗೋವಾಗ ಯಾವಾಗಲೂ ಸೊನ್ನೆಗೆ ತರ್ತೀನಿ, ಹಾಗೇ ತಂದೆ."

"ಆರು ಅಂದ್ರೆ ಎಷ್ಟು ಡಿಗ್ರಿ?" ಅತ್ತಿಗೆ ದುರ್ಬೀನನ್ನು ಕೇಳಿದರು.

"ನೂರನಲವತ್ತು," ಎಂದು ಅವನು ಮೆಲ್ಲಗೆ ಹೇಳಿದ.

"ಅಲ್ರೀ," ಮುಖ್ಯಸ್ಥರ ದನಿ ಏರಿತು, "ಇಷ್ಟು ವರ್ಷ ಮೂರರ ಮೇಲೆ ಇಟ್ಟೋರಿಗೆ ಆರು ಅಂದಾಗ ಅನುಮಾನ ಬರಲಿಲ್ವಾ?"

"ಬಂತು ಸರ್. ಹೋದ ವರ್ಷವೂ ಒಂದು ಸಲ ಅನುಮಾನ ಬಂದು ಕೇಳಿದ್ದೆ. 'ಯೋಚನೆ ಮಾಡೋದು ನನ್ನ ಕೆಲಸ, ತಿರುಗಿಸೋದು ನಿಮ್ಮ ಕೆಲಸ' ಅಂದ್ರಿ. ಬಿಸಿ ಜಾಸ್ತಿ ಆದ್ರೆ ಇನ್ನೂ ಚೆನ್ನಾಗಿ ಬೆರೀಲಿ ಅಂತ ಇರಬೇಕು ಅಂದ್ಕೊಂಡೆ. ಬೆಳಗ್ಗೆ ನೀವು ಕೇಳಿದಾಗಲೂ ಅದನ್ನೇ ಹೇಳಿದೆನಲ್ಲ, ನೀವು ಹೇಳಿದ ಹಾಗೇ ಇಟ್ಟೆ ಅಂತ."

"ಆ ಮಾತು ಎಲ್ಲರೂ ಕೇಳಿಸಿಕೊಂಡ್ರು," ಎಂದರು ಅತ್ತಿಗೆ. "ಎಷ್ಟರ ಮೇಲೆ ಇಟ್ರಿ ಅಂತ ಯಾರೂ ಕೇಳ್ಲಿಲ್ಲ. ನಮ್ಮ ಮೈದುನನ ಮೇಣದಬತ್ತಿ ಮಾತ್ರ ಬೆಳಗಿಂದ ಕೂಗಿ ಹೇಳ್ತಾನೇ ಇದೆ, ಒಲೆ ನಿನ್ನೆ ಎಂದೂ ಇಲ್ಲದಷ್ಟು ಕಾದಿತ್ತು ಅಂತ. ಅವನು ಅದನ್ನ ಉಗುರಲ್ಲಿ ಕೆರೀತಾ ಇದ್ದ."

ನಾನು ನನ್ನ ಉಗುರು ನೋಡಿಕೊಂಡೆ. ಸಾಕ್ಷ್ಯದ ಅರ್ಧ ಭಾಗ ಅಲ್ಲೇ ಇತ್ತು.

ಮುಖ್ಯಸ್ಥರು ಸುಲಭಕ್ಕೆ ಬಗ್ಗುವವರಲ್ಲ. "ಇದೆಲ್ಲ ಮಾತು. ಹಾಳೆ ಬಿಸಿಗೇ ಒಡೀತು ಅನ್ನೋದಕ್ಕೆ ಆಧಾರ?"

ಅತ್ತಿಗೆ ನನ್ನ ಕಡೆ ಕೈಚಾಚಿದರು. ಗಾಜಿನ ತುಂಡು ಕೊಟ್ಟೆ. ಮುಖ್ಯಸ್ಥರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಆ ಕಡೆಯ ಗೋಡೆಯ ಬಿರುಕೂ ಕಾಣುತ್ತಿತ್ತು. ಒಲೆಯಣ್ಣ ಆರಕ್ಕೆ ತಿರುಗಿಸಿದರು. ಒಲೆ ಕಾದ ಮೇಲೆ ತುಂಡನ್ನು ಒಳಗಿಟ್ಟರು. ಹತ್ತು ನಿಮಿಷ. ಯಾರೂ ಕೂರಲಿಲ್ಲ. ಹೊರತೆಗೆದಾಗ ಗಾಜಿನ ಮೇಲೆ ಕೆನೆ ಕಟ್ಟಿದಂತೆ ಬಿಳುಪು. ದುರ್ಬೀನು ಅದನ್ನು ಕಸಿದುಕೊಂಡು ಓಡಿಹೋಗಿ ಯಂತ್ರದಡಿ ಇಟ್ಟ.

"ಬಲೆ ಸರ್! ಅದೇ ಬಲೆ!"

ಮುಖ್ಯಸ್ಥರು ಮುಕ್ಕಾಲಿಯ ಮೇಲೆ ಕುಸಿದು ಕೂತರು. ಸ್ವಲ್ಪ ಹೊತ್ತು ಚೀಟಿಯನ್ನೇ ನೋಡಿದರು.

"ಹಾಗಾದ್ರೆ ಅಪರಾಧಿ..."

"ನಿಮ್ಮ ಅಕ್ಷರ," ಎಂದರು ಅತ್ತಿಗೆ. "ನೀವಲ್ಲ. ಅಕ್ಷರಕ್ಕೆ ಶಿಕ್ಷೆ ಕೊಡೋ ಕೆಲಸ ನಾನು ಇಪ್ಪತ್ತು ವರ್ಷದಿಂದ ಮಾಡ್ತಾ ಇದೀನಿ."

ಮುಖ್ಯಸ್ಥರು ಪತ್ರವನ್ನು ಅವರ ಕೈಯಿಂದ ತೆಗೆದುಕೊಂಡು ಎರಡಾಗಿ, ನಾಲ್ಕಾಗಿ, ಎಂಟಾಗಿ ಹರಿದರು. ಆಮೇಲೆ ಎದ್ದು ಹೋಗಿ ನನ್ನ ತಂಗಿಯ ಮುಂದೆ ನಿಂತರು.

"ತಪ್ಪು ನಂದಮ್ಮ. ಬೆಳಗ್ಗೆ ಆಡಿದ ಮಾತು ಯಾವುದೂ ಆಡಬಾರದಿತ್ತು."

ತಂಗಿ ತಲೆ ಅಲ್ಲಾಡಿಸಿದಳು. ಆಗ ಬಂತು ಅವಳಿಗೆ ಅಳು, ಬೆಳಗಿನಿಂದ ತಡೆದಿದ್ದೆಲ್ಲ. ನನಗೂ ಮೈ ಹಗುರಾಯಿತು. ಒಂದು ಮೂಲೆಗೆ ಹೋಗಿ, ಮೂಗು ಸೋರಿದ ನೆಪದಲ್ಲಿ ಕಣ್ಣು ಒರೆಸಿಕೊಂಡೆ. ನಾನು ಬೆಳಗ್ಗೆ ಬಾಯಿ ಬಿಡಲಿಲ್ಲವಲ್ಲ ಎಂಬ ನಾಚಿಕೆಯೂ ಅದರಲ್ಲಿತ್ತು.

"ಆದ್ರೆ ಮೂರಕ್ಕೆ ವೈದ್ಯರು ಬರ್ತಾರೆ," ಎಂದರು ಮುಖ್ಯಸ್ಥರು. "ತೋರಿಸೋಕೆ ಹಾಳೆ ಇಲ್ಲ. ಒಡೆದ ಹಾಲು ಮತ್ತೆ ಕೂಡುತ್ತಾ?"

ತಂಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ಕೆಲಸದ ಮಾತು ಬಂದ ಕೂಡಲೇ ಅವಳ ದನಿ ಬೇರೆಯಾಯಿತು.

"ಹಾಲು ಕೂಡಲ್ಲ ಸರ್. ಇದು ಕೂಡುತ್ತೆ. ಹೆಚ್ಚು ಬಿಸಿಗೆ ಮುನಿಸಿಕೊಂಡು ಹಾಗೇ ಗಟ್ಟಿಯಾಗಿದಾವೆ, ಅಷ್ಟೇ. ಮಿತಿಗಿಂತ ಕೆಳಗೆ, ಆದ್ರೆ ಅಲ್ಲಾಡೋಕೆ ಆಗೋಷ್ಟು ಬೆಚ್ಚಗೆ ಇಟ್ರೆ ತಾವೇ ಹತ್ತಿರ ಬರ್ತಾವೆ. ಮೂರು ಗಂಟೆ ಹೊತ್ತು ಬೇಕು."

"ಎಷ್ಟರ ಮೇಲೆ ಇಡೋಣ?"

"ತೊಂಬತ್ತೈದು ಡಿಗ್ರಿ. ನಾಲ್ಕರ ಮೇಲೆ."

ಮುಖ್ಯಸ್ಥರು ಅಭ್ಯಾಸಬಲದಿಂದ ಜೇಬಿನ ಪೆನ್ನಿಗೆ ಕೈಹಾಕಿದರು.

"ಬಾಯಲ್ಲೇ ಹೇಳಿ ಸರ್," ಎಂದರು ಒಲೆಯಣ್ಣ. "ಬರೀಬೇಡಿ."

ಬೆಳಗಿನಿಂದ ಮೊದಲ ಸಲ ಎಲ್ಲರೂ ನಕ್ಕೆವು. ಮುಖ್ಯಸ್ಥರೂ ನಕ್ಕರು — ಎರಡು ದಿನದಲ್ಲಿ ಎರಡನೇ ಸಲ. ಹನ್ನೊಂದಕ್ಕೆ ಹಾಳೆ ಒಲೆಗೆ ಹೋಯಿತು. ಮುಖ್ಯಸ್ಥರು ಒಲೆಯಣ್ಣನ ಪಕ್ಕದಲ್ಲೇ ಇನ್ನೊಂದು ಮುಕ್ಕಾಲಿ ಹಾಕಿಸಿಕೊಂಡು ಕೂತು, ಅನುಮಾನ ಬಂದಾಗಲೆಲ್ಲ ಕೇಳಬೇಕೆಂದು ಅವರಿಗೆ ಎರಡು ಮೂರು ಸಲ ಹೇಳಿದರು. ಒಲೆಯಣ್ಣ "ಆಗ್ಲಿ, ಆಗ್ಲಿ" ಎನ್ನುತ್ತ ತಿರುಗಣೆಯಿಂದ ಕಣ್ಣು ತೆಗೆಯಲಿಲ್ಲ.

ಎರಡು ಗಂಟೆಗೆ ತಟ್ಟೆ ಹೊರಬಂತು. ಆರುವವರೆಗೆ ಕಾದೆವು; ಎಲ್ಲರೂ ಒಟ್ಟಿಗೆ ಕಾದೆವು. ಎರಡೂವರೆಗೆ ತಂಗಿ ಮುಚ್ಚಳ ಎತ್ತಿದಳು. ಒಂದು ಕ್ಷಣ ತಟ್ಟೆ ಬರಿದಾಗಿದೆ ಎನಿಸಿತು. ಬರಿದಾಗಿರಲಿಲ್ಲ. ತಟ್ಟೆಯ ತಳದ ಗೀರುಗಳು ಹಾಳೆಯ ಮೂಲಕ ಒಂದೊಂದೂ ಕಾಣುತ್ತಿದ್ದವು. ಮುಖ್ಯಸ್ಥರು ಕೈಗಡಿಯಾರ ಬಿಚ್ಚಿ ಅವಳ ಕೈಗೆ ಕೊಟ್ಟರು. ಅವಳು ಹಾಳೆ ಎತ್ತಿ ಗಡಿಯಾರದ ಮೇಲೆ ಹಿಡಿದು ಗಂಟೆ ಓದಿದಳು.

ವೈದ್ಯರು ಮೂರಕ್ಕೆ ಐದು ನಿಮಿಷ ಮುಂಚೆ ಬಂದರು. ಹಾಳೆಯನ್ನು ತಮ್ಮ ಅಂಗೈ ಮೇಲೆ ಹೊದಿಸಿ, ಗೆರೆಗಳನ್ನೆಲ್ಲ ನೋಡಿ, ಮಾಡಿದವರು ಯಾರೆಂದು ಕೇಳಿದರು. ಮುಖ್ಯಸ್ಥರು ತಂಗಿಯನ್ನು ಮುಂದಕ್ಕೆ ಕರೆದರು.

ಅತ್ತಿಗೆ ಅದನ್ನು ನೋಡಲು ಇರಲಿಲ್ಲ, ಮುದ್ರಣಾಲಯದಲ್ಲಿ ಕೆಲಸ ಕಾಯುತ್ತಿತ್ತು. ಸಂಜೆ ಹೊರಡುವಾಗ ತಂಗಿ ನನ್ನ ಕೈಗೆ ಮಡಿಸಿದ ಒಂದು ಚೀಟಿ ತುರುಕಿದಳು.

"ಅಣ್ಣ, ಇದನ್ನ ಅವರಿಗೆ ಕೊಡು."

"ನೀನೇ ಕೊಡಬಾರದಾ? ಎರಡು ಹೆಜ್ಜೆ."

"ಕೊಡು ಸುಮ್ನೆ."

ದಾರಿಯಲ್ಲಿ ಬಿಡಿಸಿ ಓದಿದೆ; ಓದದೆ ಇರುವಷ್ಟು ದೊಡ್ಡವನಲ್ಲ ನಾನು. 'ಅತ್ತಿಗೆ, ಹಾಳೆ ತಿಳಿಯಾಯಿತು. ದನ್ಯವಾದಗಳು. ಭಾನುವಾರ ಮನೆಗೆ ಬರಲಾ?' ಧನ್ಯವಾದದ ಮೊದಲ ಅಕ್ಷರವೇ ತಪ್ಪು. ವಾಪಸು ಹೋಗಿ ತಿದ್ದಿಸಲೇ? ನಾನೇ ಒಂದು ಗೀರು ಎಳೆದುಬಿಡಲೇ? ಎಳೆದರೆ ಅತ್ತಿಗೆಯ ಕಣ್ಣಿಗೆ ಗೊತ್ತಾಗದೆ ಇರುತ್ತದೆಯೆ? ಯೋಚಿಸುತ್ತಲೇ ಮುದ್ರಣಾಲಯ ಬಂತು.

ಅತ್ತಿಗೆ ಚೀಟಿ ಓದಿದರು. ಕೈ ಕೂದಲ ಗಂಟಿಗೆ ಹೋಯಿತು, ಕೆಂಪು ಪೆನ್ನು ಹೊರಬಂತು. ಪೆನ್ನಿನ ತುದಿ ಆ ಅಕ್ಷರದ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಕೆಳಗಿಳಿದು, ಕಾಗದದ ಬುಡದಲ್ಲಿ 'ಬಾ' ಎಂದು ಬರೆಯಿತು. ಅಷ್ಟೇ. ಚೀಟಿ ಮಡಿಸಿ ನನಗೆ ಕೊಟ್ಟರು.

ನಾನು ಸುಮ್ಮನಿರಬೇಕಿತ್ತು. ಆದರೆ ಬಾಯಿ ಬಿಟ್ಟೆ. "ಅತ್ತಿಗೆ, ಅದರಲ್ಲಿ ಒಂದು..."

"ನೋಡಿದೆ," ಎಂದರು ಅವರು, ಪೆನ್ನನ್ನು ಮತ್ತೆ ಕೂದಲಿಗೆ ಸಿಕ್ಕಿಸುತ್ತ. "ಆದ್ರೆ 'ದ' ಮಾತ್ರ ಎಷ್ಟು ಸ್ಪಷ್ಟವಾಗಿ ಬರೀತಾಳೆ ನೋಡು."